‘ಬಂದರೆ’ ಮತ್ತು ‘ಇಫ್’: ಇಂಗ್ಲಿಷಿನ ಪಕ್ಷಾರ್ಥಕ ವಾಕ್ಯಗಳನ್ನು ಕನ್ನಡದ ಮೂಲಕ ಕಲಿಯುವ ಬಗೆ

ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ತಾಲ್ಲೂಕಿನ ಬೇಗಾರ್, ಹಾಗೆಯೇ ನೆರೆಯ ಕೊಪ್ಪ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಸೀಮೆಯಲ್ಲಿ ಮೇ ತಿಂಗಳ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಆಡುವ ಮಾತುಗಳಲ್ಲಿ ಷರತ್ತಿಲ್ಲದ ವಾಕ್ಯ ಅಪರೂಪ. ಮಳೆ ಬಿಟ್ಟರೆ ಔಷಧಿ ಹೊಡೆಯಬೇಕು. ಹೊಡೆದ ಮೇಲೆ ಮಳೆ ಹಿಡಿದರೆ ಔಷಧಿ ತೊಳೆದು ಹೋದೀತು. ಹೊಡೆಯದೆ ಬಿಟ್ಟರೆ ಕೊಳೆ ಬಂದೀತು. ಇಂಥ ವಾಕ್ಯಗಳನ್ನು ಕೇಳುತ್ತ, ಆಡುತ್ತ ಬೆಳೆಯುವ ಮಗುವಿಗೆ ಷರತ್ತಿನ ತರ್ಕವನ್ನು ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಮಗು ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ‘ಇಫ್’ ಎಂಬ ಪದದ ಮುಂದೆ ತಡವರಿಸುತ್ತದೆ. ಈ ತಡವರಿಕೆಯನ್ನು ಬುದ್ಧಿಯ ಕೊರತೆಯೆಂದೋ ಅಭ್ಯಾಸದ ಕೊರತೆಯೆಂದೋ ವಿವರಿಸುವುದು ರೂಢಿ. ವಾಸ್ತವದಲ್ಲಿ ಇದರ ಬಹುಪಾಲು ಕಾರಣ ಕನ್ನಡ ವ್ಯಾಕರಣದಲ್ಲಿಯೇ ಇದೆ. ಪರಿಹಾರವೂ ಅಲ್ಲಿಯೇ ಇದೆ ಎಂಬುದು ಪ್ರಸ್ತುತ ಲೇಖನದ ವಾದ.

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಬೋಧನೆ ಆರಂಭವಾಯಿತು. ಅಂದರೆ ಹತ್ತನೆಯ ತರಗತಿ ತಲುಪುವ ವಿದ್ಯಾರ್ಥಿಗೆ ಆ ಭಾಷೆಯ ಒಡನಾಟ ಹೊಸದೇನಲ್ಲ. ಹಾಗಿದ್ದೂ ಪಕ್ಷಾರ್ಥಕ ವಾಕ್ಯದ ಪಾಠ ಸಾಮಾನ್ಯವಾಗಿ ಸೊನ್ನೆ, ಒಂದು, ಎರಡು, ಮೂರು ಎಂಬ ಸಂಖ್ಯೆಯ ನಾಲ್ಕು ಅಚ್ಚುಗಳ ಬಾಯಿಪಾಠಕ್ಕೆ ಇಳಿಯುತ್ತದೆ. ಅಚ್ಚು ನೆನಪಿದ್ದವನಿಗೆ ಅಂಕ ಸಿಗುತ್ತದೆ. ಆದರೆ ಯಾವ ಸಂದರ್ಭಕ್ಕೆ ಯಾವ ಅಚ್ಚು ಎಂಬ ವಿವೇಕ ಬಾಯಿಪಾಠದಿಂದ ಬರುವಂಥದ್ದಲ್ಲ. ಅದು ಅರ್ಥದಿಂದ ಬರಬೇಕು. ಅರ್ಥ ವಿದ್ಯಾರ್ಥಿಯ ಬಳಿ ಇರುವುದು ಕನ್ನಡದಲ್ಲಿ.

ಕನ್ನಡದ ರೂಪ

ಹೊಸಗನ್ನಡದಲ್ಲಿ ಷರತ್ತನ್ನು ಸೂಚಿಸುವ ಮುಖ್ಯ ಪ್ರತ್ಯಯ ‘-ಅರೆ’. ಬರು ಎಂಬ ಧಾತು ‘ಬಂದರೆ’ ಎಂದೂ, ಮಾಡು ‘ಮಾಡಿದರೆ’ ಎಂದೂ, ಹೋಗು ‘ಹೋದರೆ’ ಎಂದೂ, ಇರು ‘ಇದ್ದರೆ’ ಎಂದೂ ಆಗುತ್ತದೆ. ಹಳಗನ್ನಡದಲ್ಲಿ ಇದು ‘ಒಡೆ’ ಆಗಿತ್ತು: ಬಂದೊಡೆ, ಮಾಡಿದೊಡೆ. ನಡುಗನ್ನಡದಲ್ಲಿ ‘ಬಂದಡೆ’ ಎಂಬ ರೂಪ ವ್ಯಾಪಕವಾಗಿ ಕಾಣಿಸಿಕೊಂಡು, ಡಕಾರವು ರಕಾರಕ್ಕೆ ತಿರುಗಿ ‘ಬಂದರೆ’ ನೆಲೆಗೊಂಡಿತು. ಆಡುಮಾತಿನಲ್ಲಿ ಅದು ಇನ್ನೂ ಸವೆದು ‘ಬಂದ್ರೆ’ ಆಗಿದೆ. ಕಚೇರಿಯ ಕನ್ನಡದಲ್ಲಿ ‘ತಪ್ಪಿದಲ್ಲಿ’, ‘ತಪ್ಪಿದ ಪಕ್ಷದಲ್ಲಿ’ ಎಂಬ ರೂಪಗಳಿವೆ. ‘ಪಕ್ಷಾರ್ಥಕ’ ಎಂಬ ಪಾರಿಭಾಷಿಕ ಪದದ ಹಿಂದಿರುವ ಪಕ್ಷವೂ ಇದೇ.

ಈ ರೂಪದ ಮೂರು ಲಕ್ಷಣಗಳು ಇಂಗ್ಲಿಷ್ ಕಲಿಕೆಯ ದೃಷ್ಟಿಯಿಂದ ಗಮನಾರ್ಹವಾಗಿವೆ. ಮೊದಲನೆಯದು, ಪ್ರತ್ಯಯ ಕ್ರಿಯಾಪದದ ಕೊನೆಯಲ್ಲಿ ಬರುತ್ತದೆ. ಎರಡನೆಯದು, ಅದು ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಬದಲಾಗುವುದಿಲ್ಲ: ನಾನು ಬಂದರೆ, ಅವಳು ಬಂದರೆ, ಅವರು ಬಂದರೆ, ಎಲ್ಲಕ್ಕೂ ಒಂದೇ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪ್ರತ್ಯಯ ಹತ್ತುವುದು ಭೂತಕಾಲದ ಅಂಗಕ್ಕೆ. ‘ನಾಳೆ ಮಳೆ ಬಂದರೆ’ ಎಂಬಲ್ಲಿ ಕಾಲ ನಾಳೆಯದು, ರೂಪ ಮಾತ್ರ ‘ಬಂದ’ ಎಂಬ ಭೂತದ್ದು. ತಮಿಳಿನ ‘ವಂದಾಲ್’ ರೂಪವೂ ಹೀಗೆಯೇ ಭೂತಕಾಲದ ಅಂಗದಿಂದಲೇ ಆದದ್ದು. ಇನ್ನೂ ನಡೆಯದ ಘಟನೆಯನ್ನು ‘ನಡೆದದ್ದೇ ಆದರೆ’ ಎಂದು ಮುಗಿದುಹೋದುದರಂತೆ ಕಲ್ಪಿಸಿಕೊಂಡು ಮುಂದಿನ ಮಾತನ್ನು ಆಡುವ ಕ್ರಮ ಇದು.

ಕಿಟೆಲ್ ಅವರ ಕನ್ನಡ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದಾಗ ಅದರ ಭಾಷೆ ಇಂಗ್ಲಿಷ್. ಇಂಗ್ಲಿಷ್ ಬಲ್ಲವರಿಗೆ ಕನ್ನಡವನ್ನು ವಿವರಿಸುವುದು ಅದರ ಕೆಲಸ. ಆ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆಯಬೇಕಾದ ಕೆಲಸ, ಅಂದರೆ ಕನ್ನಡ ಬಲ್ಲವರಿಗೆ ಕನ್ನಡದ ವ್ಯಾಕರಣದ ಮೂಲಕವೇ ಇಂಗ್ಲಿಷನ್ನು ವಿವರಿಸುವ ಕೆಲಸ, ಅಷ್ಟೇ ಶ್ರದ್ಧೆಯಿಂದ ನಡೆದಿಲ್ಲವೆಂದೇ ಹೇಳಬೇಕು.

‘ಒಂದು ವೇಳೆ’ ಎಂಬ ತಪ್ಪು ಸೇತುವೆ

‘ಇಫ್’ ಎಂದರೆ ‘ಒಂದು ವೇಳೆ’ ಎಂದು ಹೇಳಿಕೊಡುವ ಪದ್ಧತಿ ಬಹುಕಾಲದ್ದು. ಇಂಗ್ಲಿಷಿನಲ್ಲಿ ‘ಇಫ್’ ಷರತ್ತಿನ ವಾಕ್ಯದ ಆರಂಭದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಅದೇ ಸ್ಥಾನದಲ್ಲಿ ‘ಒಂದು ವೇಳೆ’ ನಿಲ್ಲಬಲ್ಲುದು. ಸ್ಥಾನಸಾಮ್ಯದಿಂದ ಅರ್ಥಸಾಮ್ಯವನ್ನು ಊಹಿಸಿರುವುದು ಇಲ್ಲಿಯ ದೋಷ. ‘ಮಳೆ ಬಂದರೆ ಹೊಡೆಯುವುದಿಲ್ಲ’ ಎಂಬುದು ಪೂರ್ಣ ವಾಕ್ಯ. ‘ಒಂದು ವೇಳೆ ಮಳೆ ಬರುತ್ತದೆ ಹೊಡೆಯುವುದಿಲ್ಲ’ ಎಂಬುದು ವಾಕ್ಯವೇ ಅಲ್ಲ. ಷರತ್ತನ್ನು ಹೊತ್ತಿರುವುದು ‘-ಅರೆ’ ಮಾತ್ರ. ‘ಒಂದು ವೇಳೆ’ ಎಂಬುದು ಅನುಮಾನದ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸುವ ಪದ. ಹೀಗಾಗಿ ‘ಇಫ್’ಗೆ ನಿಜವಾದ ಸಮಾನರೂಪ ಕ್ರಿಯಾಪದದ ತುದಿಯಲ್ಲಿರುವ ‘-ಅರೆ’ ಎಂದು ಮೊದಲ ದಿನವೇ ಹೇಳಿಬಿಡುವುದು ಲೇಸು. ಅಲ್ಲಿ ಕೊನೆಯಲ್ಲಿರುವುದು ಇಲ್ಲಿ ಮೊದಲಿಗೆ ಬರುತ್ತದೆ ಎಂಬ ಒಂದು ಮಾತು ಮುಂದಿನ ಅನೇಕ ಗೊಂದಲಗಳನ್ನು ತಪ್ಪಿಸುತ್ತದೆ.

ಸಂಸ್ಕೃತ ಓದಿರುವ ವಿದ್ಯಾರ್ಥಿಗೆ ಇನ್ನೊಂದು ಆಧಾರವೂ ಉಂಟು. ಶೃಂಗೇರಿಯ ಪರಿಸರದಲ್ಲಿ ಇಂಥವರು ಕಡಮೆಯಿಲ್ಲ. ‘ಯದಿ’ ಮತ್ತು ‘ತರ್ಹಿ’ ಎಂಬ ಜೋಡಿ ‘ಇಫ್’ ಮತ್ತು ‘ದೆನ್’ ಜೋಡಿಯನ್ನು ಬಹಳಮಟ್ಟಿಗೆ ಹೋಲುತ್ತದೆ. ಆದರೆ ಎಚ್ಚರಿಕೆಯೂ ಬೇಕು. ನಡೆಯದೆ ಹೋದ ಕ್ರಿಯೆಗೆ, ಅಂದರೆ ಕ್ರಿಯಾತಿಪತ್ತಿಗೆ, ಸಂಸ್ಕೃತ ವ್ಯಾಕರಣ ವಿಧಿಸುವ ಲೃಙ್ ಲಕಾರ ಎರಡೂ ಉಪವಾಕ್ಯಗಳಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಎರಡು ಉಪವಾಕ್ಯಗಳ ರೂಪ ಬೇರೆಬೇರೆ. ‘ವುಡ್’ ಫಲದ ಭಾಗದಲ್ಲಿ ಮಾತ್ರ.

ತೆರೆದ ಷರತ್ತು

ಆಗಲೂಬಹುದು, ಆಗದೆಯೂ ಇರಬಹುದು ಎಂಬಂಥ ಷರತ್ತನ್ನು ತೆರೆದ ಷರತ್ತು ಎನ್ನೋಣ. ‘ನಾಳೆ ಮಳೆ ಬಂದರೆ ಔಷಧಿ ಹೊಡೆಯುವುದಿಲ್ಲ’ ಎಂಬುದಕ್ಕೆ ಇಂಗ್ಲಿಷ್ ರೂಪ: ‘ಇಫ್ ಇಟ್ ರೇನ್ಸ್ ಟುಮಾರೊ, ವಿ ವಿಲ್ ನಾಟ್ ಸ್ಪ್ರೇ.’ ಇಲ್ಲಿ ಎರಡು ಬಗೆಯ ತಪ್ಪುಗಳು ಸಾಮಾನ್ಯ. ನಾಳೆಯ ಮಾತೆಂಬ ಕಾರಣಕ್ಕೆ ‘ಇಫ್ ಇಟ್ ವಿಲ್ ರೇನ್’ ಎನ್ನುವುದು ಒಂದು. ‘ಬಂದ’ ಎಂಬ ಭೂತರೂಪವನ್ನು ಯಥಾವತ್ತಾಗಿ ಸಾಗಿಸಿ ‘ಇಫ್ ಇಟ್ ರೇನ್ಡ್ ಟುಮಾರೊ, ವಿ ವಿಲ್ ನಾಟ್ ಸ್ಪ್ರೇ’ ಎನ್ನುವುದು ಇನ್ನೊಂದು. ಎರಡನೆಯ ತಪ್ಪು ಮಾಡಿದ ವಿದ್ಯಾರ್ಥಿ ಕನ್ನಡದ ರೂಪವನ್ನು ಸರಿಯಾಗಿಯೇ ಗುರುತಿಸಿದ್ದಾನೆ ಎಂಬುದನ್ನು ಅಧ್ಯಾಪಕರು ಅವನಿಗೆ ತಿಳಿಸಬೇಕು. ಕೆಂಪು ಮಸಿಯ ಗೀಟು ಇದನ್ನು ತಿಳಿಸುವುದಿಲ್ಲ.

ಇಂಗ್ಲಿಷಿನ ನಿಯಮ ಹೀಗೆ: ತೆರೆದ ಷರತ್ತಿನಲ್ಲಿ ‘ಇಫ್’ ಭಾಗಕ್ಕೆ ವರ್ತಮಾನ, ಫಲದ ಭಾಗಕ್ಕೆ ‘ವಿಲ್’. ಷರತ್ತಿನ ಭಾಗವೂ ಭವಿಷ್ಯವನ್ನು ಕುರಿತದ್ದೇ, ಆದರೆ ಭವಿಷ್ಯದ ಗುರುತನ್ನು ಒಂದು ಕಡೆ ಹಾಕಿದರೆ ಸಾಕೆಂಬುದು ಆ ಭಾಷೆಯ ರೂಢಿ. (‘ಇಫ್ ಯು ವಿಲ್ ವೇಟ್’ ಎಂಬಂಥ ಪ್ರಯೋಗಗಳುಂಟು, ಅಲ್ಲಿ ‘ವಿಲ್’ ಕಾಲವನ್ನಲ್ಲ, ‘ದಯವಿಟ್ಟು ಕಾಯಲು ಒಪ್ಪಿದರೆ’ ಎಂಬ ಇಚ್ಛೆಯನ್ನು ಹೇಳುತ್ತದೆ.)

ಫಲದ ಭಾಗಕ್ಕೆ ಸದಾ ‘ವಿಲ್’ ಎಂದು ಕಲಿಸುವುದರಲ್ಲಿ ಒಂದು ನಷ್ಟವಿದೆ. ‘ಮಳೆ ಹೆಚ್ಚಾದರೆ ಕಾಯಿ ಉದುರುತ್ತದೆ’ ಮತ್ತು ‘ಮಳೆ ಹೆಚ್ಚಾದರೆ ಕಾಯಿ ಉದುರೀತು’ ಎಂಬ ಎರಡು ವಾಕ್ಯಗಳ ಅಂತರವನ್ನು ಮಲೆನಾಡಿನ ಯಾವ ಕೃಷಿಕನೂ ಬಲ್ಲ. ಮೊದಲನೆಯದು ಖಚಿತ, ಎರಡನೆಯದು ಸಂಭಾವನೆ. ಈ ‘ಉದುರೀತು’, ‘ಬಂದಾನು’, ‘ಆದೀತು’ ಎಂಬ ಸಂಭಾವನಾರ್ಥಕ ರೂಪಗಳಿಗೆ ಇಂಗ್ಲಿಷಿನಲ್ಲಿ ‘ಮೇ’ ಅಥವಾ ‘ಮೈಟ್’ ಇದೆ: ‘ದ ನಟ್ಸ್ ಮೇ ಫಾಲ್.’ ಕನ್ನಡದಲ್ಲಿ ಇಷ್ಟು ಸೂಕ್ಷ್ಮವಾಗಿ ಮಾತನಾಡುವವನನ್ನು ಇಂಗ್ಲಿಷಿನಲ್ಲಿ ‘ವಿಲ್’ ಒಂದಕ್ಕೇ ಕಟ್ಟಿಹಾಕುವುದು ಅನ್ಯಾಯ.

ಕತ್ತಿಯ ಅಲಗು ಕೆಂಪಾದರೆ

ಯಾವಾಗಲೂ ಸತ್ಯವಾದ ಸಂಬಂಧಕ್ಕೆ ಪಠ್ಯಗಳು ‘ನೀರನ್ನು ಕಾಯಿಸಿದರೆ ಕುದಿಯುತ್ತದೆ’ ಎಂಬ ಉದಾಹರಣೆಯನ್ನು ಕೊಡುತ್ತವೆ. ಅಡಿಕೆ ಸೀಮೆಯಲ್ಲಿ ಇದಕ್ಕಿಂತ ಸತ್ತ್ವವುಳ್ಳ ಉದಾಹರಣೆ ಕೈಗೆಟಕುವಂತಿದೆ. ಕೊಳೆರೋಗ ತಡೆಯಲು ಬಳಸುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅದಾಗಿ 40-45 ದಿನಗಳಿಗೆ ಇನ್ನೊಂದು ಸಲ ಸಿಂಪಡಿಸುತ್ತಾರೆ. ಸುಣ್ಣದ ಗುಣಮಟ್ಟ ಒಂದೇ ತೆರನಾಗಿ ಇರದ ಕಾರಣ, ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ, ಸುಣ್ಣ ಸೇರಿಸಬೇಕು.

ಇಲ್ಲಿಂದ ಮೂರು ಇಂಗ್ಲಿಷ್ ವಾಕ್ಯಗಳು ಹೊರಡುತ್ತವೆ. ‘ಇಫ್ ಯು ಡಿಪ್ ಐರನ್ ಇನ್ ಕಾಪರ್ ಸಲ್ಫೇಟ್, ಇಟ್ ಟರ್ನ್ಸ್ ರೆಡ್’ ಎಂಬುದು ನಿತ್ಯಸತ್ಯ, ಎರಡೂ ಕಡೆ ವರ್ತಮಾನ. ‘ಇಫ್ ದ ಬ್ಲೇಡ್ ಟರ್ನ್ಸ್ ರೆಡ್, ಆ್ಯಡ್ ಮೋರ್ ಲೈಮ್’ ಎಂಬಲ್ಲಿ ಫಲದ ಭಾಗ ವಿಧ್ಯರ್ಥ. ‘ವಿಲ್’ ಇಲ್ಲವೇ ಇಲ್ಲ. ‘ಇಫ್ ದ ಬ್ಲೇಡ್ ಟರ್ನ್ಸ್ ರೆಡ್, ದೇರ್ ಈಸ್ ಟೂ ಲಿಟ್ಲ್ ಲೈಮ್’ ಎಂಬುದು ಇನ್ನೂ ಕುತೂಹಲಕರ. ಅಲಗು ಕೆಂಪಾದುದು ಸುಣ್ಣ ಕಡಮೆಯಾಗಲು ಕಾರಣವಲ್ಲ. ಸುಣ್ಣ ಕಡಮೆಯಾದುದೇ ಅಲಗು ಕೆಂಪಾಗಲು ಕಾರಣ. ಷರತ್ತಿನ ಭಾಗದಲ್ಲಿ ಯಾವಾಗಲೂ ಕಾರಣ, ಇನ್ನೊಂದರಲ್ಲಿ ಕಾರ್ಯ ಎಂದು ಹೇಳುವ ವ್ಯಾಕರಣಗಳು ಈ ವಾಕ್ಯದ ಮುಂದೆ ಸೋಲುತ್ತವೆ. ಇದು ಊಹೆಯ ಷರತ್ತು: ಕಂಡ ಕಾರ್ಯದಿಂದ ಕಾಣದ ಕಾರಣಕ್ಕೆ ಹೋಗುವುದು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ತರ್ಕಶಾಸ್ತ್ರದ ಹಳೆಯ ದೃಷ್ಟಾಂತದ ಜಾತಿಗೆ ಸೇರಿದ್ದು. ಎರಡೂ ಭಾಷೆಗಳಲ್ಲಿ ಇದಕ್ಕೆ ಪ್ರತ್ಯೇಕ ರೂಪವಿಲ್ಲದಿರುವುದರಿಂದ ಭಾಷಾಂತರ ಸುಲಭ. ತರಗತಿಯ ಚರ್ಚೆಗೆ ಮಾತ್ರ ಒಳ್ಳೆಯ ಸಾಮಗ್ರಿ.

‘ಜೂನ್ ಬಂದರೆ’

‘ಜೂನ್ ಬಂದರೆ ಮಳೆ ಶುರು’ ಎಂಬುದು ಸಹಜ ಕನ್ನಡ. ಇದನ್ನು ‘ಇಫ್ ಜೂನ್ ಕಮ್ಸ್’ ಎಂದು ಬರೆದರೆ ಜೂನ್ ಬರುವುದೇ ಅನುಮಾನ ಎಂಬಂತಾಗುತ್ತದೆ. ಕನ್ನಡದ ‘-ಅರೆ’ ಖಚಿತವಾಗಿ ಬರುವ ಕಾಲಕ್ಕೂ ಬರಬಹುದಾದ ಘಟನೆಗೂ ಸಮಾನವಾಗಿ ಸಲ್ಲುತ್ತದೆ; ಇಂಗ್ಲಿಷ್ ಮೊದಲನೆಯದಕ್ಕೆ ‘ವೆನ್’, ಎರಡನೆಯದಕ್ಕೆ ‘ಇಫ್’ ಎಂದು ಒಡೆಯುತ್ತದೆ. ಪರೀಕ್ಷೆ ಸರಳ: ‘-ಅರೆ’ ಇದ್ದಲ್ಲಿ ‘ಆಗ’ ಅಥವಾ ‘ಕೂಡಲೇ’ ಎಂಬುದನ್ನು ಇಟ್ಟರೆ ಅರ್ಥ ಕೆಡದಿದ್ದರೆ ‘ವೆನ್’. ‘ಜೂನ್ ಬಂದ ಕೂಡಲೇ’ ಎನ್ನಬಹುದು. ಬರುವುದೇ ತಿಳಿಯದ ಮಳೆಗೆ ‘ನಾಳೆ ಮಳೆ ಬಂದ ಕೂಡಲೇ’ ಎಂದರೆ ಅರ್ಥ ಬೇರೆಯಾಗುತ್ತದೆ, ಅಲ್ಲಿ ‘ಇಫ್’.

ಇದೇ ಬಗೆಯ ಒಡಕು ‘-ಅರೂ’ ಪ್ರತ್ಯಯದಲ್ಲಿಯೂ ಇದೆ. ‘ಮಳೆ ಬಂದರೂ ಹೋದೆವು’ ಎಂಬಲ್ಲಿ ಮಳೆ ಬಂದದ್ದು ನಿಜ, ಇಂಗ್ಲಿಷಿನಲ್ಲಿ ‘ಆಲ್ದೋ’. ‘ಮಳೆ ಬಂದರೂ ಹೋಗುತ್ತೇವೆ’ ಎಂಬಲ್ಲಿ ಮಳೆ ಇನ್ನೂ ಬಂದಿಲ್ಲ, ‘ಈವನ್ ಇಫ್’.

ನಿಷೇಧ ಮತ್ತು ‘ಅನ್‌ಲೆಸ್’

‘ಅನ್‌ಲೆಸ್’ ಎಂಬ ಪದದಲ್ಲಿ ನಿಷೇಧ ಅಡಗಿದೆ ಎಂದು ಎಷ್ಟು ಹೇಳಿದರೂ ‘ಅನ್‌ಲೆಸ್ ದ ರೇನ್ ಡಸ್ ನಾಟ್ ಸ್ಟಾಪ್’ ಎಂಬ ವಾಕ್ಯ ಮರಳಿ ಬರುತ್ತದೆ. ಅದಕ್ಕೆ ಕಾರಣ ಕನ್ನಡದ ‘ಹೊರತು’. ‘ಮಳೆ ನಿಂತ ಹೊರತು ಹೊಡೆಯಲಾಗದು’ ಎನ್ನುವುದುಂಟು. ‘ಮಳೆ ನಿಲ್ಲದ ಹೊರತು ಹೊಡೆಯಲಾಗದು’ ಎನ್ನುವುದೂ ಉಂಟು. ತರ್ಕದ ಪ್ರಕಾರ ಇವು ವಿರುದ್ಧಾರ್ಥ ಕೊಡಬೇಕು. ಬಳಕೆಯಲ್ಲಿ ಎರಡೂ ಒಂದೇ. ಎರಡನೆಯ ರೂಪವೇ ಈಗ ಹೆಚ್ಚು ಕೇಳಿಬರುವಂಥದ್ದು. ಇಂಗ್ಲಿಷ್ ಈ ಸಲಿಗೆಯನ್ನು ಕೊಡುವುದಿಲ್ಲ. ‘ಅನ್‌ಲೆಸ್’ ಕಲಿಸುವಾಗ ‘ನಿಂತ ಹೊರತು’ ಎಂಬ ಹಳೆಯ, ನಿಷೇಧವಿಲ್ಲದ ರೂಪವನ್ನೇ ಎದುರಿಗಿಟ್ಟರೆ ಇಂಗ್ಲಿಷ್ ವಾಕ್ಯ ತಾನಾಗಿ ಸರಿಹೋಗುತ್ತದೆ: ‘ವಿ ಕೆನಾಟ್ ಸ್ಪ್ರೇ ಅನ್‌ಲೆಸ್ ದ ರೇನ್ ಸ್ಟಾಪ್ಸ್.’

ಇದು ಬರಿಯ ಪರೀಕ್ಷೆಯ ವಿಷಯವಲ್ಲ. ಅಡಿಕೆ ಬೆಳೆಗೆ ಅನ್ವಯಿಸುವ ಹವಾಮಾನ ಆಧಾರಿತ ಬೆಳೆ ವಿಮೆಯ ಸ್ವರೂಪವೇ ಪಕ್ಷಾರ್ಥಕ: ಮಳೆಯ ಪ್ರಮಾಣ ನಿಗದಿತ ಮಿತಿಯನ್ನು ದಾಟಿದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ವಿಮೆ, ಸಾಲ, ನೌಕರಿಯ ಒಪ್ಪಂದಗಳ ಇಂಗ್ಲಿಷ್ ಪ್ರತಿಯಲ್ಲಿ ‘ಅನ್‌ಲೆಸ್’, ‘ಪ್ರೊವೈಡೆಡ್ ದಟ್’ ಎಂಬ ಪದಗಳು ಸಾಮಾನ್ಯವಾಗಿ ವಾಕ್ಯದ ನಡುವೆಯೋ ಕೊನೆಯಲ್ಲೋ ಬರುತ್ತವೆ. ಕನ್ನಡದಲ್ಲಿ ಷರತ್ತು ಮೊದಲು, ಫಲ ಆಮೇಲೆ. ಓದುಗ ಎಚ್ಚರದಿಂದಲೇ ಫಲಕ್ಕೆ ಬರುತ್ತಾನೆ. ಇಂಗ್ಲಿಷಿನಲ್ಲಿ ‘ಪರಿಹಾರ ಕೊಡಲಾಗುವುದು’ ಎಂಬ ಭರವಸೆ ಮೊದಲು ಬಂದು ಷರತ್ತು ಬಾಲದಲ್ಲಿ ಕಾಣಿಸಿಕೊಳ್ಳಬಹುದು. ಕನ್ನಡದ ಕ್ರಮಕ್ಕೆ ಒಗ್ಗಿದ ಕಣ್ಣು ಅಷ್ಟರೊಳಗೆ ಓದನ್ನು ಮುಗಿಸಿಬಿಟ್ಟಿರುವ ಅಪಾಯವಿದೆ. ಇಂಥ ವಾಕ್ಯಗಳನ್ನು ಬಾಲದಿಂದ ತಲೆಗೆ ಓದುವ ಅಭ್ಯಾಸವನ್ನು ಹತ್ತನೆಯ ತರಗತಿಯೊಳಗೆ ಮಾಡಿಸುವುದು ಅವಶ್ಯ.

ಮುಚ್ಚಿದ ಷರತ್ತು

ಇನ್ನು ನಡೆಯದ, ನಡೆಯಲಾರದ ಸಂಗತಿಗಳು. ಒಂದೇ ಸಂದರ್ಭದ ಮೂರು ವಾಕ್ಯಗಳನ್ನು ಸಾಲಾಗಿ ಇಟ್ಟು ನೋಡಬಹುದು.

ಮಳೆ ನಿಂತರೆ ಔಷಧಿ ಹೊಡೆಯುತ್ತೇವೆ.
ಈಗ ಮಳೆ ನಿಲ್ಲುವಂತಿದ್ದರೆ ಔಷಧಿ ಹೊಡೆಯುತ್ತಿದ್ದೆವು.
ಮೊನ್ನೆ ಮಳೆ ನಿಂತಿದ್ದರೆ ಔಷಧಿ ಹೊಡೆಯುತ್ತಿದ್ದೆವು.

ಮೊದಲನೆಯದು ತೆರೆದ ಷರತ್ತು. ಎರಡನೆಯದರಲ್ಲಿ ಮಳೆ ಸುರಿಯುತ್ತಲೇ ಇದೆ, ನಿಲ್ಲುವ ಲಕ್ಷಣವಿಲ್ಲ. ಮೂರನೆಯದರಲ್ಲಿ ಅವಕಾಶವೇ ಕಳೆದುಹೋಗಿದೆ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ‘ಇಫ್ ದ ರೇನ್ ಸ್ಟಾಪ್ಸ್, ವಿ ವಿಲ್ ಸ್ಪ್ರೇ’, ‘ಇಫ್ ದ ರೇನ್ ಸ್ಟಾಪ್ಡ್, ವಿ ವುಡ್ ಸ್ಪ್ರೇ’, ‘ಇಫ್ ದ ರೇನ್ ಹ್ಯಾಡ್ ಸ್ಟಾಪ್ಡ್, ವಿ ವುಡ್ ಹ್ಯಾವ್ ಸ್ಪ್ರೇಡ್’. ಕನ್ನಡದ ಎರಡು ಮತ್ತು ಮೂರನೆಯ ವಾಕ್ಯಗಳ ಫಲದ ಭಾಗ ಅಕ್ಷರಶಃ ಒಂದೇ: ‘ಹೊಡೆಯುತ್ತಿದ್ದೆವು’. ಈಗಿನದೋ ಕಳೆದದ್ದೋ ಎಂಬುದನ್ನು ‘ಈಗ’, ‘ಮೊನ್ನೆ’ ಎಂಬ ಪದಗಳೂ ಷರತ್ತಿನ ಭಾಗವೂ ಹೇಳುತ್ತವೆ. ಇಂಗ್ಲಿಷ್ ಮಾತ್ರ ‘ವುಡ್ ಸ್ಪ್ರೇ’ ಮತ್ತು ‘ವುಡ್ ಹ್ಯಾವ್ ಸ್ಪ್ರೇಡ್’ ಎಂದು ಫಲವನ್ನೇ ಎರಡಾಗಿ ಕತ್ತರಿಸುತ್ತದೆ. ಎರಡನೆಯ ಮತ್ತು ಮೂರನೆಯ ಅಚ್ಚುಗಳು ಕಲಸಿಹೋಗುವುದು ಏಕೆಂಬ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇನ್ನೊಂದು ತೊಡಕು ‘-ಇದ್ದರೆ’ ರೂಪದ್ದು. ‘ಅವನು ಬಂದಿದ್ದರೆ ಒಳಗೆ ಕರೆ’ ಎಂಬುದು ತೆರೆದ ಷರತ್ತು; ‘ಅವನು ಬಂದಿದ್ದರೆ ಕೆಲಸ ಮುಗಿಯುತ್ತಿತ್ತು’ ಎಂಬುದು ಮುಚ್ಚಿದ್ದು. ಷರತ್ತಿನ ರೂಪ ಎರಡರಲ್ಲೂ ಸಮ, ತೀರ್ಪು ಮುಖ್ಯವಾಕ್ಯದಲ್ಲಿದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಇಫ್ ಹಿ ಹ್ಯಾಸ್ ಕಮ್’, ಎರಡನೆಯದು ‘ಇಫ್ ಹಿ ಹ್ಯಾಡ್ ಕಮ್’. ಆದ್ದರಿಂದ ಅನುವಾದದ ಅಭ್ಯಾಸದಲ್ಲಿ ಮೊದಲು ಮುಖ್ಯವಾಕ್ಯವನ್ನು ನೋಡುವುದು ಕ್ರಮ. ಅಲ್ಲಿ ‘-ತ್ತಿತ್ತು’, ‘-ತ್ತಿದ್ದೆ’, ‘-ತ್ತಿದ್ದರು’ ಕಂಡರೆ ‘ವುಡ್’ ಬರುತ್ತದೆ. ಬಳಿಕ ಕೇಳಬೇಕಾದ ಪ್ರಶ್ನೆ ಒಂದೇ: ಈಗಿನ ಮಾತೋ, ಕಳೆದ ಮಾತೋ?

ಇಂಗ್ಲಿಷಿನ ‘ಸ್ಟಾಪ್ಡ್’ ಭೂತರೂಪದಲ್ಲಿದ್ದರೂ ಈಗಿನ ಮಾತನ್ನು ಹೇಳುವುದು ಹೇಗೆ ಎಂಬ ಅಚ್ಚರಿಗೆ ಕನ್ನಡ ವಿದ್ಯಾರ್ಥಿ ಒಳಗಾಗಬೇಕಿಲ್ಲ. ‘ನಾಳೆ ಬಂದರೆ’ ಎನ್ನುವಾಗ ಅವನು ದಿನವೂ ಮಾಡುತ್ತಿರುವುದು ಅದನ್ನೇ. ಭೂತರೂಪವು ಭೂತಕಾಲವನ್ನೇ ಹೇಳಬೇಕಾಗಿಲ್ಲ ಎಂಬ ತಿಳಿವಳಿಕೆ ಅವನ ನಾಲಗೆಯಲ್ಲಿದೆ. ಕನ್ನಡ ಅದನ್ನು ಎಲ್ಲ ಷರತ್ತುಗಳಿಗೂ ಬಳಸುತ್ತದೆ, ಇಂಗ್ಲಿಷ್ ವಾಸ್ತವದಿಂದ ದೂರವಾದ ಷರತ್ತುಗಳಿಗೆ ಮೀಸಲಿಡುತ್ತದೆ. ‘ಇಫ್ ಐ ವರ್ ಯು’ ಎಂಬಲ್ಲಿ ‘ವಾಸ್’ ಬದಲಿಗೆ ‘ವರ್’ ನಿಲ್ಲುವುದು ಆ ದೂರದ ಹಳೆಯ ಗುರುತು.

ಅಚ್ಚುಗಳಿಗೆ ಸಿಗದ ವಾಕ್ಯ

ಈ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಇದರಿಂದಾಗಿ ಮನೆಮನೆಗಳಲ್ಲಿ ಹುಟ್ಟುವ ವಾಕ್ಯ ಹೀಗಿರುತ್ತದೆ: ‘ರೋಗ ಬಾರದೆ ಇದ್ದಿದ್ದರೆ ಮಗ ಈಗ ಊರಲ್ಲೇ ಇರುತ್ತಿದ್ದ.’ ಷರತ್ತು ಕಳೆದ ಕಾಲದ್ದು, ಫಲ ಈಗಿನದು. ಸಂಖ್ಯೆಯ ನಾಲ್ಕು ಅಚ್ಚುಗಳಲ್ಲಿ ಯಾವುದಕ್ಕೂ ಇದು ಹೊಂದುವುದಿಲ್ಲ. ಮೂರನೆಯ ಅಚ್ಚನ್ನು ನಂಬಿದ ವಿದ್ಯಾರ್ಥಿ ‘ವುಡ್ ಹ್ಯಾವ್ ಬೀನ್’ ಎಂದು ಬರೆದು ಮಗನ ಗೈರುಹಾಜರಿಯನ್ನೂ ಹಿಂದಕ್ಕೆ ತಳ್ಳಿಬಿಡುತ್ತಾನೆ. ಆಡಬೇಕಾದ ವಾಕ್ಯ ‘ಇಫ್ ದ ಡಿಸೀಸ್ ಹ್ಯಾಡ್ ನಾಟ್ ಕಮ್, ಅವರ್ ಸನ್ ವುಡ್ ಬಿ ಇನ್ ದ ವಿಲೇಜ್ ನೌ.’ ಷರತ್ತಿನ ಅರ್ಧವನ್ನು ಮೂರನೆಯದರಿಂದ, ಫಲದ ಅರ್ಧವನ್ನು ಎರಡನೆಯದರಿಂದ ತೆಗೆದು ಜೋಡಿಸಿದ ವಾಕ್ಯವಿದು. ಇಂಗ್ಲಿಷ್ ವ್ಯಾಕರಣಗಳು ಇದನ್ನು ಮಿಶ್ರ ಷರತ್ತು ಎಂದು ಹೆಸರಿಸಿ ಅನುಬಂಧಕ್ಕೆ ಸೇರಿಸುವುದುಂಟು. ಬೇಗಾರಿನಂಥ ಊರಿನ ಮಟ್ಟಿಗೆ ಅದು ಅನುಬಂಧದ ವಿಷಯವಲ್ಲ.

ಅಭ್ಯಾಸದ ಕ್ರಮವನ್ನು ಇದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕಾಗುತ್ತದೆ. ಬಿಟ್ಟ ಸ್ಥಳ ತುಂಬುವುದರ ಬದಲು ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಒಂದು ದಿನ ಕೇಳಿದ ‘-ಅರೆ’ ವಾಕ್ಯಗಳನ್ನು ಕನ್ನಡದಲ್ಲಿಯೇ ಬರೆದು ತರಲಿ. ಹತ್ತು ವಾಕ್ಯ ಸಾಕು. ತರಗತಿಯಲ್ಲಿ ಅವುಗಳನ್ನು ಮೊದಲು ‘ವೆನ್’ ಮತ್ತು ‘ಇಫ್’ ಎಂದು ಬೇರ್ಪಡಿಸುವುದು, ಬಳಿಕ ತೆರೆದದ್ದು ಯಾವುದು, ಮುಚ್ಚಿದ್ದು ಯಾವುದು ಎಂದು ಮುಖ್ಯವಾಕ್ಯ ನೋಡಿ ಹೇಳುವುದು, ಆಮೇಲೆ ಷರತ್ತು ಮತ್ತು ಫಲ ಎರಡಕ್ಕೂ ‘ಈಗಲೋ, ಆಗಲೋ’ ಎಂದು ಪ್ರತ್ಯೇಕವಾಗಿ ಕೇಳುವುದು. ಇಂಗ್ಲಿಷಿನ ರೂಪವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಇವೆಲ್ಲ ಆದ ನಂತರವೇ.